ಬಣ್ಣ ಬಳಿದ ಮೇಲೆ ರಾಕೆಟ್ ಪಲ್ಟಿ ಹೊಡೆಯುವುದೇಕೆ?

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ವೈಜ್ಞಾನಿಕ ಕಥೆಗಳಲ್ಲಿ ಬರುವಂಥ ಬಾಹ್ಯಾಕಾಶ ನೌಕೆಯ ಆಕಾರದಲ್ಲಿ ನೀರಿನ ರಾಕೆಟ್ (ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ನೀರು ಹಾಕಿ, ಪಂಪಿನಿಂದ ಗಾಳಿ ತುಂಬಿ ಹಾರಿಸುವಂಥದ್ದು) ಮಾಡಿದ್ದಾರೆ. ಬರಿಯ ಬಾಟಲಿ, ರೆಕ್ಕೆ, ಮೂತಿ ಇದ್ದಾಗ ನೆಟ್ಟಗೆ ಏರುತ್ತಿತ್ತು. ಎಂಜಿನ್ ಗೂಡು, ಫಿರಂಗಿ, ಕಿಟಕಿಗಳನ್ನು ಅಂಟಿಸಿ, ಪುಟ್ಟಿ ಹಚ್ಚಿ, ಬೆಳ್ಳಿ ಬಣ್ಣ ಬಳಿದ ಮೇಲೆ ಸ್ವಲ್ಪ ಏರುವುದರೊಳಗೆ ಪಲ್ಟಿ ಹೊಡೆದು ಬೀಳುತ್ತದೆ. ಬಣ್ಣದಿಂದ ಹೀಗಾಗುತ್ತದೆಯೇ?
– ಒಬ್ಬ ಶಿಕ್ಷಕರು, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಹೌದು, ಆಗುತ್ತದೆ. ಆದರೆ ತಪ್ಪು ಬಣ್ಣದ ಹೊಳಪಿನದಲ್ಲ, ತೂಕದ್ದು. ಅದರಲ್ಲೂ ಆ ತೂಕ ಎಲ್ಲಿ ಹೋಗಿ ಕುಳಿತಿದೆ ಎಂಬುದರದು. ವಿಜ್ಞಾನ ವಸ್ತುಪ್ರದರ್ಶನದ ದಿನಗಳು ಹತ್ತಿರವಾದಾಗ ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಿರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಾರುವ ಪ್ರತಿಯೊಂದು ರಾಕೆಟ್‌ನಲ್ಲೂ ಎರಡು ಬಿಂದುಗಳಿರುತ್ತವೆ. ಒಂದು ಗುರುತ್ವ ಕೇಂದ್ರ. ರಾಕೆಟ್ಟನ್ನು ಬೆರಳಿನ ಮೇಲೆ ಅಡ್ಡವಾಗಿ ಇಟ್ಟರೆ ಅದು ಸಮತೋಲದಲ್ಲಿ ನಿಲ್ಲುವ ಜಾಗ. ಇನ್ನೊಂದು ಒತ್ತಡ ಕೇಂದ್ರ. ಪಕ್ಕದಿಂದ ತಳ್ಳುವ ಗಾಳಿಯ ಬಲವೆಲ್ಲ ಒಟ್ಟಾಗಿ ಕೆಲಸ ಮಾಡುವ ಜಾಗ. ಗಾಳಿಯಲ್ಲಿರುವ ರಾಕೆಟ್ ಓಲಾಡುವುದು, ತಿರುಗುವುದು ಗುರುತ್ವ ಕೇಂದ್ರದ ಸುತ್ತ. ಒತ್ತಡ ಕೇಂದ್ರ ಅದಕ್ಕಿಂತ ಹಿಂದೆ, ಅಂದರೆ ಬಾಲದ ಕಡೆ ಇದ್ದರೆ, ಮೂತಿ ಕೊಂಚ ಓಲಿದ ಕೂಡಲೇ ಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ದಾರಿಗೆ ತರುತ್ತದೆ. ಎರಡೂ ಬಿಂದುಗಳು ತೀರಾ ಹತ್ತಿರ ಬಂದರೆ ಗಾಳಿಗೆ ಹಿಡಿತ ಸಿಗುವುದಿಲ್ಲ. ಒತ್ತಡ ಕೇಂದ್ರವೇ ಮುಂದೆ ಬಂದುಬಿಟ್ಟರೆ ಅದೇ ಗಾಳಿ ರಾಕೆಟ್ಟನ್ನು ಮಗುಚಿ ಹಾಕುತ್ತದೆ. ಮಾದರಿ ರಾಕೆಟ್ ಮಾಡುವವರು ರೂಢಿಯಿಂದ ಪಾಲಿಸುವ ನಿಯಮವೆಂದರೆ, ಎರಡು ಬಿಂದುಗಳ ನಡುವೆ ಕನಿಷ್ಠ ರಾಕೆಟ್‌ನ ಒಂದು ಅಗಲದಷ್ಟು ಅಂತರ ಇರಬೇಕು.

ಈಗ ಒಂದು ಲೆಕ್ಕ ನೋಡೋಣ. ಇವು ಉದಾಹರಣೆಯ ಅಂಕಿಗಳು. ನಿಮ್ಮ ರಾಕೆಟ್‌ನ ಅಂಕಿಗಳನ್ನು ನೀವೇ ಅಳೆದು ಹಾಕಿಕೊಳ್ಳಿ. ಬಾಟಲಿಯ ಅಗಲ 9 ಸೆಂಟಿಮೀಟರ್, ಬಣ್ಣ ಬಳಿಯುವ ಮೊದಲು ರಾಕೆಟ್‌ನ ಖಾಲಿ ತೂಕ 180 ಗ್ರಾಂ. ಮೂತಿಯ ತುದಿಯಿಂದ ಅಳೆದರೆ ಗುರುತ್ವ ಕೇಂದ್ರ 26 ಸೆಂಟಿಮೀಟರ್ ದೂರದಲ್ಲಿ, ಒತ್ತಡ ಕೇಂದ್ರ 36ರಲ್ಲಿ. ಅಂತರ 10 ಸೆಂಟಿಮೀಟರ್, ಒಂದು ಅಗಲಕ್ಕಿಂತ ತುಸು ಹೆಚ್ಚು. ಹಾಗಾಗಿ ನೆಟ್ಟಗೆ ಹಾರುತ್ತದೆ. ಆಮೇಲೆ ಎಂಜಿನ್ ಗೂಡು, ಪುಟ್ಟಿ, ಬಣ್ಣ ಎಲ್ಲ ಸೇರಿ 30 ಗ್ರಾಂ ಬಂತು, ಅದೂ ಬಹುಪಾಲು ಬಾಲದಲ್ಲಿ, 45 ಸೆಂಟಿಮೀಟರ್ ದೂರದಲ್ಲಿ. ಆಗ ಗುರುತ್ವ ಕೇಂದ್ರ 28.7ಕ್ಕೆ ಸರಿಯುತ್ತದೆ. ಅಂತರ 7.3ಕ್ಕೆ ಇಳಿಯಿತು, ಒಂದು ಅಗಲಕ್ಕಿಂತ ಕಡಿಮೆ.

ಇಷ್ಟೇ ಆಗಿದ್ದರೆ ರಾಕೆಟ್ ಓಲಾಡುತ್ತ ಹೇಗೋ ಏರಬಹುದಿತ್ತು. ಆದರೆ ನೀವು ಫಿರಂಗಿಯನ್ನೂ ಅಂಟಿಸಿದ್ದೀರಿ. ಮೂತಿಯ ಬಳಿ ಅಂಟಿಸಿದ ಫಿರಂಗಿ, ಪುಟ್ಟ ರೆಕ್ಕೆ, ಅಗಲವಾದ ಚಾಲಕನ ಕೋಣೆ ಇವೆಲ್ಲ ಗಾಳಿಗೆ ಮುಂಭಾಗದಲ್ಲಿ ಹಿಡಿತ ಕೊಟ್ಟು ಒತ್ತಡ ಕೇಂದ್ರವನ್ನು ಮುಂದಕ್ಕೆ ಎಳೆಯುತ್ತವೆ. ಒಂದು ಬಿಂದು ಹಿಂದೆ ಬಂತು, ಇನ್ನೊಂದು ಮುಂದೆ ಹೋಯಿತು, ನಡುವಿನ ಅಂತರ ಎರಡೂ ಕಡೆಯಿಂದ ಕರಗಿತು. ಇದಕ್ಕೆ ನೀರಿನ ತೂಕವನ್ನೂ ಸೇರಿಸಿಕೊಳ್ಳಿ: ಹಾರುವ ಕ್ಷಣದಲ್ಲಿ ನೀರೆಲ್ಲ ಬಾಲದ ಕಡೆಯೇ ಇರುತ್ತದೆ. ಅದು ಸೆಕೆಂಡಿನ ಒಂದು ಭಾಗದಲ್ಲಿ ಹೊರಗೆ ಹೋಗುತ್ತದೆ ನಿಜ, ಆದರೆ ಆ ಕ್ಷಣದ ಮಟ್ಟಿಗೆ ಗುರುತ್ವ ಕೇಂದ್ರ ನೀವು ಖಾಲಿ ಬಾಟಲಿಯಲ್ಲಿ ಅಳೆದದ್ದಕ್ಕಿಂತ ಹಿಂದೆಯೇ ಇರುತ್ತದೆ.

ಕಲ್ಪನೆಯ ನೌಕೆಗಳಲ್ಲಿ ಈ ತೊಂದರೆ ಹೆಚ್ಚು ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ. ಹಳೆಯ ಕಥೆಗಳ ರಾಕೆಟ್‌ಗಳಿಗೆ ದಪ್ಪ ಹೊಟ್ಟೆ, ಬಾಲದಲ್ಲಿ ದೊಡ್ಡ ರೆಕ್ಕೆಗಳು ಇರುತ್ತಿದ್ದವು. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ವಿ-2 ಕ್ಷಿಪಣಿಯ ರೂಪ ಚಿತ್ರಕಾರರ ಕಣ್ಣಿನಲ್ಲಿ ಗಟ್ಟಿಯಾಗಿ ನಿಂತದ್ದು ಅದಕ್ಕೆ ಒಂದು ದೊಡ್ಡ ಕಾರಣ. ಅಂಥ ನೌಕೆಗಳನ್ನು ಮಾದರಿ ಮಾಡಿದರೆ ಅವು ಸುಲಭವಾಗಿ ಹಾರುತ್ತವೆ. ಆಮೇಲಿನ ಕಥೆಗಾರರು, ಚಿತ್ರ ನಿರ್ಮಾಪಕರು ನಿರ್ವಾತದಲ್ಲಿ ರೆಕ್ಕೆಗೆ ಏನು ಕೆಲಸ ಎಂದು ಕೇಳಿಕೊಂಡರು. ಸರಿಯಾದ ಪ್ರಶ್ನೆಯೇ. ಹಾಗಾಗಿ ತಟ್ಟೆಯಂಥ ತಲೆ, ಕಡ್ಡಿಯಂಥ ದೇಹ, ಹಿಂಭಾಗದಲ್ಲಿ ಭಾರಿ ಎಂಜಿನ್ ಇರುವ ನೌಕೆಗಳು ಬಂದವು. ಶೂನ್ಯದಲ್ಲಿ ಆ ಆಕಾರಕ್ಕೆ ಯಾವ ಅಡ್ಡಿಯೂ ಇಲ್ಲ. ಸೇಡಂನ ಆಟದ ಮೈದಾನದಲ್ಲಿ ಮಾತ್ರ ಗಾಳಿ ಇದೆ. ಚಂದ್ರಯಾನ-3ನ್ನು 2023ರ ಜುಲೈ 14ರಂದು ಹೊತ್ತೊಯ್ದ ಎಲ್‌ವಿಎಂ3 ರಾಕೆಟ್‌ಗೂ ಬಾಲದ ರೆಕ್ಕೆಗಳಿಲ್ಲವಲ್ಲ ಎಂದು ಮಕ್ಕಳು ಕೇಳಬಹುದು, ಕೇಳಬೇಕು. ಅದರ ಒಳಗಿನ ಉಪಕರಣಗಳು ಓಲಾಟವನ್ನು ಗುರುತಿಸಿ ಎಂಜಿನ್ ನಳಿಕೆಯನ್ನೇ ಬೇಕಾದ ಕಡೆಗೆ ಹೊರಳಿಸುತ್ತವೆ. ನಮ್ಮ ಬಾಟಲಿಗೆ ಅಂಥ ವ್ಯವಸ್ಥೆ ಇಲ್ಲದ ಕಾರಣ ರೆಕ್ಕೆಯೊಂದೇ ಗತಿ.

ಒತ್ತಡ ಕೇಂದ್ರವನ್ನು ಕಂಡುಹಿಡಿಯುವುದು ಹೇಗೆ? ಜೇಮ್ಸ್ ಬ್ಯಾರೋಮನ್ ಎಂಬ ನಾಸಾ ಎಂಜಿನಿಯರ್ 1966ರಲ್ಲಿ ಮಾದರಿ ರಾಕೆಟ್‌ಗಳಿಗಾಗಿ ಸೂತ್ರಗಳನ್ನು ಕೊಟ್ಟರು. ಇಂದಿಗೂ ಎಲ್ಲರೂ ಬಳಸುವುದು ಅವನ್ನೇ. ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತದೆ. ಆದರೆ ಆ ಸೂತ್ರಗಳು ಕೊಳವೆ, ಮೂತಿ, ರೆಕ್ಕೆ ಇರುವ ಸರಳ ರಾಕೆಟ್‌ಗೆ ಹೊಂದುತ್ತವೆ. ಗೂಡು, ಗೋಪುರಗಳಿರುವ ನೌಕೆಗೆ ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ. ಶಾಲೆಗೆ ನಾನು ಹೇಳುವುದು ಹಳೆಯ ರಟ್ಟಿನ ವಿಧಾನ. ರಾಕೆಟ್ಟನ್ನು ಪಕ್ಕದಿಂದ ನೋಡಿದಾಗ ಕಾಣುವ ಆಕಾರವನ್ನು, ಎಲ್ಲ ಅಲಂಕಾರ ಸಮೇತ, ರಟ್ಟಿನ ಮೇಲೆ ಬರೆದು ಕತ್ತರಿಸಿ, ಅಳತೆಪಟ್ಟಿಯ ಅಂಚಿನ ಮೇಲೆ ತೂಗಿಸಿ. ರಟ್ಟು ಸಮತೋಲಕ್ಕೆ ಬರುವ ಜಾಗವೇ ಒತ್ತಡ ಕೇಂದ್ರದ ಅಂದಾಜು. ಬಾಲದಲ್ಲಿ ರೆಕ್ಕೆ ಇರುವ ರಾಕೆಟ್‌ಗೆ ಇದು ನಿಜವಾದ ಜಾಗಕ್ಕಿಂತ ಸಾಮಾನ್ಯವಾಗಿ ಮುಂದೆಯೇ ತೋರಿಸುತ್ತದೆ, ಅಂದರೆ ಎಚ್ಚರಿಕೆಯ ಕಡೆಗೆ ವಾಲುತ್ತದೆ. ಮಕ್ಕಳ ಕೈಯಲ್ಲಿ ಅಂಥ ಅಂದಾಜೇ ಒಳ್ಳೆಯದು.

ಆಮೇಲೆ ದಾರದ ಪರೀಕ್ಷೆ. ಖಾಲಿ ರಾಕೆಟ್‌ನ ಗುರುತ್ವ ಕೇಂದ್ರಕ್ಕೆ ಎರಡು ಮೂರು ಮೀಟರ್ ದಾರ ಕಟ್ಟಿ, ಜಾರದಂತೆ ಅಂಟುಪಟ್ಟಿ ಹಾಕಿ, ಬಯಲಲ್ಲಿ ನಿಂತು ತಲೆಯ ಸುತ್ತ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ಹಾರಿಸಬಹುದು. ಬಾಲ ಮುಂದಾಗಿಯೋ ಅಡ್ಡಡ್ಡವಾಗಿಯೋ ಸುತ್ತಿದರೆ ಹಾರಿಸಬೇಡಿ. ಬಣ್ಣ ಬಳಿಯುವ ಮೊದಲು ಒಮ್ಮೆ, ಬಳಿದ ಮೇಲೆ ಒಮ್ಮೆ ಈ ಪರೀಕ್ಷೆ ಮಾಡಿದ್ದರೆ ನಿಮ್ಮ ಮಕ್ಕಳಿಗೆ ಉತ್ತರ ನೆಲದ ಮೇಲೆಯೇ ಸಿಗುತ್ತಿತ್ತು.

ಸರಿಪಡಿಸಲು ಎಲ್ಲರಿಗೂ ಮೊದಲು ಹೊಳೆಯುವುದು ಮೂತಿಗೆ ತೂಕ ಸೇರಿಸುವುದು. ಮೇಲಿನ ಉದಾಹರಣೆಯಲ್ಲಿ ಮೂತಿಯ ತುದಿಯಿಂದ 4 ಸೆಂಟಿಮೀಟರ್ ದೂರದಲ್ಲಿ 26 ಗ್ರಾಂ ಆಟದ ಜೇಡಿಮಣ್ಣು ಇಟ್ಟರೆ ಗುರುತ್ವ ಕೇಂದ್ರ ಮೊದಲಿದ್ದ ಜಾಗಕ್ಕೆ ಬರುತ್ತದೆ. ಅಂದರೆ ಬಾಲಕ್ಕೆ ಬಂದ ಪ್ರತಿ ಗ್ರಾಂಗೆ ಮೂತಿಗೆ ಹೆಚ್ಚುಕಡಿಮೆ ಇನ್ನೊಂದು ಗ್ರಾಂ. 180 ಗ್ರಾಂ ರಾಕೆಟ್ 236 ಗ್ರಾಂ ಆಯಿತು, ಎತ್ತರ ಕಡಿಮೆಯಾಯಿತು. ಮೂತಿ ತೀರಾ ಭಾರವಾದರೆ ಇನ್ನೊಂದು ತೊಂದರೆ: ಅಂಥ ರಾಕೆಟ್ ಗಾಳಿ ಬೀಸಿ ಬರುವ ಕಡೆಗೆ ಮುಖ ತಿರುಗಿಸಿ ಓರೆಯಾಗಿ ಹೋಗುತ್ತದೆ. ಮೂತಿಯೊಳಗೆ ಕಲ್ಲು, ಕಬ್ಬಿಣದ ತುಂಡು ಇಡುವುದಂತೂ ಬೇಡವೇ ಬೇಡ. ಅದು ಬೀಳುವುದು ಮಕ್ಕಳು ನಿಂತ ಮೈದಾನಕ್ಕೆ.

ನನಗೆ ಹಿಡಿಸುವ ಉಪಾಯ ಪಾರದರ್ಶಕ ರೆಕ್ಕೆ. ತೆಳುವಾದ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಹಾಳೆಯಲ್ಲಿ ಮೂರು ಅಥವಾ ನಾಲ್ಕು ರೆಕ್ಕೆಗಳನ್ನು ಕತ್ತರಿಸಿ ಬಾಲಕ್ಕೆ ಅಂಟಿಸಿ, ಬಣ್ಣ ಬಳಿಯದೆ ಬಿಡಿ. ನಾಲ್ಕು ಹೆಜ್ಜೆ ದೂರದಿಂದ ಅವು ಕಾಣಿಸುವುದಿಲ್ಲ, ನೌಕೆಯ ರೂಪ ಕೆಡುವುದಿಲ್ಲ, ಒತ್ತಡ ಕೇಂದ್ರ ಹಿಂದಕ್ಕೆ ಹೋಗುತ್ತದೆ. ರೆಕ್ಕೆಯಿಲ್ಲದ ನಿಜವಾದ ರಾಕೆಟ್‌ಗಳ ಮಾದರಿಗಳನ್ನು ಹಾರಿಸುವವರೂ ಬಹಳ ಕಾಲದಿಂದ ಹೀಗೆಯೇ ಮಾಡುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ.

ಇನ್ನು ಬಣ್ಣದ ವಿಷಯ. ಮಕ್ಕಳು ಬಣ್ಣ ಬಿಡಬೇಕು ಎಂದು ನಾನು ಖಂಡಿತ ಹೇಳುವುದಿಲ್ಲ. ಬಣ್ಣವಿಲ್ಲದ ನೌಕೆ ಬರಿಯ ಬಾಟಲಿ. ತೂಕ ಏರದಂತೆ ಚೆಂದ ಮಾಡುವುದು ಒಂದು ಕಲೆ. ಅದಕ್ಕೆ ನೆರವಾಗುವ, ತಾತ್ಕಾಲಿಕವಾಗಿ ಕಪ್ಪು ಬಳಿದು ನೋಡುವಂಥ ಉಪಾಯ ನಮ್ಮ ಪಕ್ಕದಲ್ಲೇ ಬೀದರ್‌ನ ಬಿದರಿ ಕುಶಲಕರ್ಮಿಗಳಲ್ಲಿದೆ. ಸತುವು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದ ಪಾತ್ರೆಯನ್ನು ಅವರು ಮೊದಲು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಅದಕ್ಕೆ ಮೈಲುತುತ್ತದ ದ್ರಾವಣ ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಕೊರೆಯುವ ಗೆರೆ ಸ್ಪಷ್ಟವಾಗಿ ಕಾಣಲಿ ಎಂದು. ಬೆಳ್ಳಿ ಕೂರಿಸಿ ಮತ್ತೆ ಉಜ್ಜಿದಾಗ ಆ ಕಪ್ಪು ಹೋಗುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿ ತಿಕ್ಕಿದಾಗ ಶಾಶ್ವತವಾದ ಕಪ್ಪು ಬರುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಾದರಿ ತಯಾರಿಸುವವರ ಕೆಲಸದಲ್ಲೂ ಇಂಥದ್ದೇ ಒಂದು ಹಂತವಿದೆ. ಬೂದು ಬಣ್ಣದ ಪ್ರೈಮರ್ ಒಣಗಿದ ಮೇಲೆ ಕಪ್ಪು ಬಣ್ಣವನ್ನು ದೂರದಿಂದ ಮಂಜಿನಷ್ಟು ಮಾತ್ರ ಸಿಂಪಡಿಸಿ, 400ರ ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಿ. ಉಬ್ಬಿದ ಕಡೆ ಕಪ್ಪು ಹೋಗುತ್ತದೆ, ತಗ್ಗಿರುವ ಕಡೆ ಉಳಿಯುತ್ತದೆ. ಪುಟ್ಟಿ ಬೇಕಾದದ್ದು ಕಪ್ಪು ಉಳಿದ ಆ ಚುಕ್ಕೆಗಳಿಗೆ ಮಾತ್ರ. ಇದು ತಿಳಿಯದೆ ಇಡೀ ಮೈಗೆ ಪುಟ್ಟಿ ಮೆತ್ತುವುದರಿಂದಲೇ ಹೆಚ್ಚಿನ ತೂಕ ಬರುತ್ತದೆ.

ಬೆಳ್ಳಿ ಬಣ್ಣ ಕಠಿಣ ಬಣ್ಣ. ಕೆಳಗಿನ ಪ್ರತಿಯೊಂದು ಗೀರನ್ನೂ ಎತ್ತಿ ತೋರಿಸುತ್ತದೆ, ಅದನ್ನು ಮುಚ್ಚಲು ಹೋಗಿ ಮತ್ತೆರಡು ಪದರ ಬೀಳುತ್ತವೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೈಗೆಲ್ಲ ಹೊಳಪಿಲ್ಲದ ಗಾಢ ಬೂದು ಬಣ್ಣವನ್ನು ತೆಳುವಾಗಿ ಬಳಿದು, ಫಲಕಗಳ ಕೂಡುಗೆರೆ, ಕಿಟಕಿ, ಬಾಗಿಲುಗಳನ್ನು ಬೆಳ್ಳಿ ಬಣ್ಣದ ಪೆನ್ನಿನಿಂದ ಬರೆಸುತ್ತಿದ್ದೆ. ಅಂಟಿಸಿದ ತುಂಡಿಗೆ ತೂಕವಿದೆ, ಬರೆದ ಗೆರೆಗೆ ಹೆಚ್ಚುಕಡಿಮೆ ಇಲ್ಲ. ಗೆರೆ ಎಷ್ಟು ತೆಳ್ಳಗಿದ್ದರೆ ನೌಕೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಅಚ್ಚಕಪ್ಪಿಗಿಂತ ಗಾಢ ಬೂದು ಹೇಳುವುದಕ್ಕೂ ಇದೇ ಕಾರಣ: ದೂರದ ದೊಡ್ಡ ವಸ್ತುವಿನ ಕಪ್ಪು ನಮ್ಮ ಕಣ್ಣಿಗೆ ಎಂದೂ ಪೂರ್ತಿ ಕಪ್ಪಾಗಿ ಕಾಣುವುದಿಲ್ಲ. ರಟ್ಟಿನ ರೆಕ್ಕೆಗಳಿದ್ದರೆ ಅವುಗಳಲ್ಲಿ ಒಂದಕ್ಕೆ ಮಾತ್ರ ಬಿಳಿಯನ್ನೋ ಕೆಂಪನ್ನೋ ಹಚ್ಚಿ. ವಿ-2 ಪರೀಕ್ಷಾ ಕ್ಷಿಪಣಿಗಳ ಮೇಲಿದ್ದ ಕಪ್ಪು-ಬಿಳಿ ಚೌಕಗಳು ಅವು ಹಾರುವಾಗ ಹೇಗೆ ಉರುಳುತ್ತಿವೆ ಎಂದು ನೋಡುವುದಕ್ಕೆ ಇದ್ದವು. ಮೊಬೈಲ್‌ನಲ್ಲಿ ತೆಗೆದ ವಿಡಿಯೊವನ್ನು ನಿಧಾನವಾಗಿ ಓಡಿಸಿದರೆ ನಿಮ್ಮ ಮಕ್ಕಳಿಗೂ ಅದು ಕಾಣುತ್ತದೆ. ಉರುಳಾಟ ವಿಪರೀತವಾಗಿದ್ದರೆ ಯಾವುದೋ ರೆಕ್ಕೆ ಸೊಟ್ಟಗಾಗಿದೆ ಎಂದು ತಿಳಿಯಿರಿ. ರಟ್ಟಿನ ರೆಕ್ಕೆಯ ಒಂದೇ ಮುಖಕ್ಕೆ ಅಂಟು ಅಥವಾ ಬಣ್ಣ ಹಚ್ಚಿದರೆ ಅದು ಒಣಗುವಾಗ ಬಾಗುತ್ತದೆ. ಎರಡೂ ಮುಖಗಳಿಗೆ ಒಂದೇ ಸಲ ಹಚ್ಚಬೇಕು.

ಈಗ ಹೇಳುವುದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಬಾಟಲಿಗೆ ನೇರವಾಗಿ ಬಣ್ಣ ಬಳಿಯಬೇಡಿ, ಅದನ್ನು ಪಾಲಿಶ್ ಪೇಪರಿನಿಂದ ಉಜ್ಜಲೂ ಬೇಡಿ. ಒಳಗಿನ ಒತ್ತಡವನ್ನು ತಡೆದು ಹಿಡಿಯುವುದು ಆ ತೆಳು ಪ್ಲಾಸ್ಟಿಕ್ ಗೋಡೆಯೇ. ಥಿನ್ನರ್, ಸ್ಪ್ರೇ ಬಣ್ಣದ ದ್ರಾವಕಗಳು, ಬಿಸಿ ಅಂಟು, ಉಜ್ಜಿದ ಗೀರು ಇವೆಲ್ಲ ಅದನ್ನು ದುರ್ಬಲಗೊಳಿಸಬಹುದು. ಚಾರ್ಟ್ ಕಾಗದದಲ್ಲಿ ಕಳಚಲು ಬರುವ ಒಂದು ಕವಚ ಮಾಡಿ, ಬಣ್ಣವೆಲ್ಲ ಅದಕ್ಕೆ ಬಳಿಯಿರಿ. ಬಾಟಲಿ ಹಳೆಯದಾದಾಗ ಕವಚವನ್ನು ಹೊಸದಕ್ಕೆ ತೊಡಿಸಬಹುದು. ಸೋಡಾದಂಥ ಗ್ಯಾಸ್ ತುಂಬಿದ ಪಾನೀಯದ ಬಾಟಲಿಯೇ ಆಗಬೇಕು, ಕುಡಿಯುವ ನೀರಿನ ಬಾಟಲಿ ಬೇಡ. ಒತ್ತಡ 4 ಬಾರ್ (ಪಂಪಿನ ಮಾಪಕದಲ್ಲಿ ಸುಮಾರು 58 ಪಿಎಸ್‌ಐ) ದಾಟದಿರಲಿ, ಪಂಪ್ ಹೊಡೆಯುವವರು ದೂರ ನಿಂತು ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಂಡಿರಲಿ. ಗೂಡುಗಳನ್ನು ಥರ್ಮೊಕೋಲ್‌ನಲ್ಲಿ ಮಾಡಿದ್ದರೆ ಮೊದಲು ಫೆವಿಕಾಲ್ ಪದರ ಹಚ್ಚಿ ಪೂರ್ತಿ ಒಣಗಿಸಿ. ಇಲ್ಲವಾದರೆ ಸ್ಪ್ರೇ ಬಣ್ಣ ಅದನ್ನು ಕರಗಿಸಿಬಿಡುತ್ತದೆ.

ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದಲ್ಲಿ ಸ್ಪ್ರೇ ಮಾಡಿದರೆ ಹನಿಗಳು ಮೈ ಮುಟ್ಟುವ ಮೊದಲೇ ಒಣಗಿ, ಮೇಲ್ಮೈ ಮರಳಿನಂತೆ ಒರಟಾಗುತ್ತದೆ. ಅದನ್ನು ಉಜ್ಜಿ ಮತ್ತೆ ಬಳಿಯುವುದರಲ್ಲಿ ತೂಕ ಏರುತ್ತದೆ. ಬೆಳಿಗ್ಗೆ ಏಳು ಗಂಟೆಯೊಳಗೆ, ಗಾಳಿ ಏಳುವ ಮೊದಲು, ನೆರಳಿನಲ್ಲಿ ಈ ಕೆಲಸ ಮುಗಿಸಿ. ಮಳೆಗಾಲದ ತೇವದಲ್ಲಿ ಕೆಲವು ಬಣ್ಣಗಳು ಬಿಳಿಚಿಕೊಳ್ಳುತ್ತವೆ, ಅಂಥ ದಿನ ಬಿಟ್ಟುಬಿಡಿ. ಪ್ರತಿ ಹಂತದ ನಂತರ ರಾಕೆಟ್ಟನ್ನು ತೂಗಿ, ಗುರುತ್ವ ಕೇಂದ್ರವನ್ನು ಪೆನ್ಸಿಲ್‌ನಿಂದ ಗುರುತಿಸಿ, ನೋಟ್‌ಪುಸ್ತಕದಲ್ಲಿ ಬರೆಸಿ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ವಸ್ತುಪ್ರದರ್ಶನದಲ್ಲಿ ರಾಕೆಟ್‌ನ ಪಕ್ಕ ಆ ಪುಟವನ್ನೂ ಇಟ್ಟರೆ ತೀರ್ಪುಗಾರರಿಗೆ ಮಕ್ಕಳ ವಿಜ್ಞಾನ ಕಾಣುವುದು ಅಲ್ಲಿಯೇ.

ನೀರಿನ ಬದಲು ಮದ್ದಿನ ಎಂಜಿನ್ ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೆ ಮಕ್ಕಳು ಕೇಳುತ್ತಾರೆ. ಬೇಡ. ಮನೆಯಲ್ಲಿ ಮದ್ದು ಅರೆದು ಎಂಜಿನ್ ಮಾಡುವುದು ಪ್ರಾಣಕ್ಕೆ ಅಪಾಯ, ಸ್ಫೋಟಕಗಳ ಕಾನೂನಿನ ಪ್ರಕಾರ ಅಪರಾಧವೂ ಹೌದು.

ಹಾರಿಸಲು ತೊಗರಿ ಕೊಯ್ಲು ಮುಗಿದ ಹೊಲ, ಮಾಲೀಕರು ಒಪ್ಪಿದರೆ, ಶಾಲೆಯ ಮೈದಾನಕ್ಕಿಂತ ಒಳ್ಳೆಯ ಜಾಗ. ವಿದ್ಯುತ್ ತಂತಿ, ರಸ್ತೆ, ದನಕರು ದೂರ ಇರಲಿ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣವಿದೆ. ಇವುಗಳ ಸುತ್ತಮುತ್ತ ಏನನ್ನೂ ಹಾರಿಸಕೂಡದು. ಹೊಲ ಬೇರೆಡೆ ಇದ್ದರೂ ಸ್ಥಳೀಯ ಪೊಲೀಸ್ ಠಾಣೆಗೆ ಒಂದು ಮಾತು ತಿಳಿಸಿ. ಮೊದಲ ಸಲ ಕಡಿಮೆ ಒತ್ತಡದಲ್ಲಿ, ಎರಡು ಬಾರ್‌ನಷ್ಟರಲ್ಲಿ, ಗಾಳಿಯಿಲ್ಲದ ಬೆಳಿಗ್ಗೆ ಹಾರಿಸಿ ನೋಡಿ. ಮೂತಿ ಸ್ವಲ್ಪವೂ ಹೊರಳದೆ ಏರಿದರೆ ಮಾತ್ರ ಒತ್ತಡ ಹೆಚ್ಚಿಸಿ.