ಬಾಳೆ ಪಟ್ಟೆಯಿಂದ ಜೀನ್ಸ್: ಎಲ್ಲ ಅಂಟಿನದೇ ಆಟ

ಮಾಲೆ ಕಟ್ಟುವವರು ಒಣಗಿದ ಬಾಳೆನಾರನ್ನು ಕಟ್ಟುವ ಮುಂಚೆ ನೀರಿಗೆ ಅದ್ದುತ್ತಾರೆ. ಒಣ ನಾರನ್ನು ಮಡಚಿದರೆ ಚಟ್ಟನೆ ಮುರಿಯುತ್ತದೆ, ನೆನೆದದ್ದು ಗಂಟಿಗೆ ಬಾಗುತ್ತದೆ. ಎಳೆ ಎಳೆಗಳ ನಡುವೆ ಅಂಟು ಇದೆ. ಒಣಗಿದರೆ ಬಿರುಸು, ನೆನೆದರೆ ಮೆತ್ತಗೆ. ಬಾಳೆಯಿಂದ ಬಟ್ಟೆ ಮಾಡುವವರ ತಲೆನೋವೆಲ್ಲ ಈ ಅಂಟಿನದೇ.

‘ತಿಂದೆಸೆದ ಸಿಪ್ಪೆಯಿಂದ ಸೀರೆ’ ಎಂಬ ವಾಟ್ಸಾಪ್ ಮಾತನ್ನು ಮೊದಲು ಪಕ್ಕಕ್ಕಿಡೋಣ. ಹಣ್ಣು ಸುಲಿದಾಗ ಮೈಗಂಟಿ ಬರುವ ಎಳೆಯನ್ನು ಹಿಡಿದೆಳೆದು ನೋಡಿ, ಅಲ್ಲೇ ತುಂಡಾಗುತ್ತದೆ. ಬಟ್ಟೆಗೆ ಬೇಕಾದ ನಾರಿರುವುದು ಗಿಡದ ಪಟ್ಟೆಯಲ್ಲಿ. ಹಣ್ಣಿನ ಕಸದಿಂದಲೂ ಬಟ್ಟೆ ಆಗುತ್ತದೆ, ಆದರೆ ದಾರಿ ಬೇರೆ. ಇಟಲಿಯ ಸಿಸಿಲಿ ದ್ವೀಪದ ಕಿತ್ತಳೆ ಜಾತಿಯ ಹಣ್ಣಿನ ರಸ ಹಿಂಡಿ ಉಳಿದ ಚರಟದಿಂದ ಸೆಲ್ಯುಲೋಸ್ (ಗಿಡದ ನಾರಿನ ಮೂಲವಸ್ತು) ತೆಗೆದು, ಕರಗಿಸಿ, ಸಣ್ಣ ತೂತುಗಳಲ್ಲಿ ಶಾವಿಗೆಯಂತೆ ಒತ್ತಿ ಎಳೆ ಮಾಡುತ್ತಾರೆ. ಅದು ದೊಡ್ಡ ಕಾರ್ಖಾನೆಯ ಕೆಲಸ. ಬಾಳೆಯದು ತೋಟದಲ್ಲೇ ಶುರುವಾಗುತ್ತದೆ.

ಒಮ್ಮೆ ಗೊನೆ ಕೊಟ್ಟ ಗಿಡ ಇನ್ನೊಮ್ಮೆ ಕೊಡುವುದಿಲ್ಲ. ಕಂಪ್ಲಿ, ಆನೆಗೊಂದಿ ಕಡೆ ಕಡಿದ ಗಿಡಗಳನ್ನು ಬದುವಿಗೆ ಎಳೆದು ಹಾಕುವುದೇ ಒಂದು ಕೂಲಿ. ಆನೆಗೊಂದಿಯ ಹೆಣ್ಣುಮಕ್ಕಳು ಒಣ ಪಟ್ಟೆಯನ್ನು ಹುರಿ ಮಾಡಿ ಚೀಲ, ಬುಟ್ಟಿ ಹೆಣೆಯುತ್ತಾರೆ. ಅಲ್ಲಿ ಪಟ್ಟೆ ಪಟ್ಟೆಯಾಗಿಯೇ ಉಳಿಯುತ್ತದೆ. ನೂಲಿಗಾದರೆ ತಿರುಳನ್ನೆಲ್ಲ ಕೆರೆದು ನಾರನ್ನಷ್ಟೇ ಬಿಡಿಸಬೇಕು.

ಗಿಡದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. 100 ಕಿಲೋ ಹಸಿ ಗಿಡಕ್ಕೆ ಒಂದು ಕಿಲೋ ನಾರು ಸಿಕ್ಕರೆ ಹೆಚ್ಚು. ಗಿಡವನ್ನು ಲಾರಿಗೆ ಹೇರುವುದೆಂದರೆ ದುಡ್ಡು ಕೊಟ್ಟು ನೀರು ಸಾಗಿಸಿದಂತೆ. ನಾರು ಬಿಡಿಸುವ ಯಂತ್ರವೇ ತೋಟಕ್ಕೆ ಹೋಗಬೇಕು. ಹೊರಗಿನ ಎರಡು ಮೂರು ಪಟ್ಟೆ ಒರಟು, ಹಗ್ಗಕ್ಕೆ ಸರಿ. ನಡುವಿನ ದಿಂಡು ಪಲ್ಯಕ್ಕೆ. ಇವೆರಡರ ನಡುವಿನ ಪಟ್ಟೆಗಳನ್ನು ನಾಲ್ಕು ಬೆರಳಗಲ ಸೀಳಿ, ಅಲಗು ಕೂರಿಸಿದ ಉರುಳೆಗೆ ಅರ್ಧ ಕೊಟ್ಟು ಹಿಂದಕ್ಕೆಳೆಯಬೇಕು, ತಿರುಗಿಸಿ ಇನ್ನರ್ಧ ಕೊಡಬೇಕು. ಅಲಗಿಗೂ ಎದುರು ಪಟ್ಟಿಗೂ ನಡುವೆ ಸಂದು ಕಿರಿದಾದರೆ ನಾರು ಕತ್ತರಿಸುತ್ತದೆ, ಅಗಲವಾದರೆ ತಿರುಳು ಉಳಿಯುತ್ತದೆ. ಬಂದ ನಾರನ್ನು ಆಗಲೇ ತೊಳೆದು ನೆರಳಲ್ಲಿ ಹರವಬೇಕು. ಸಂಜೆಗೆ ತೊಳೆದರಾಯಿತು ಎಂದು ಬಿಟ್ಟರೆ ರಸ ಗಾಳಿಗೆ ಕಂದಾಗಿ ಕರೆ ಹಿಡಿಯುತ್ತದೆ. ಬಿಳಿ ಪಂಚೆಗೆ ಬಿದ್ದ ಬಾಳೆ ಕರೆ ಎಷ್ಟು ಒಗೆದರೆ ಹೋಗಿದೆ?

ಈಗ ಅಂಟಿಗೆ ಬರೋಣ. ರಾಯಚೂರು ಮಾರುಕಟ್ಟೆಯ ಹತ್ತಿ ಬಿಡಿಸಿ ನೋಡಿದರೆ ಒಂದೊಂದು ಎಳೆ 28-30 ಮಿಲಿಮೀಟರ್, ಒಂದೇ ಜೀವಕೋಶ. ಬಾಳೆಯ ನಾರು ಮಾರುದ್ದ ಕಂಡರೂ ಅದರೊಳಗಿನ ಒಂದು ಜೀವಕೋಶ ಕೆಲವೇ ಮಿಲಿಮೀಟರ್. ಅಂಥ ಸಾವಿರಾರು ತುಣುಕುಗಳನ್ನು ಪೆಕ್ಟಿನ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಎಂಬ ಅಂಟುಗಳು ಹಿಡಿದುಕೊಂಡಿವೆ. ಹಂಪಿಯ ಕಲ್ಲುಗೋಡೆ ಗಾರೆ ಇಲ್ಲದೆ ನಿಲ್ಲುತ್ತದೆ, ಕಲ್ಲು ದೊಡ್ಡದು. ಜಲ್ಲಿಯಿಂದ ಗೋಡೆ ಕಟ್ಟಿ ಗಾರೆ ತೆಗೆದರೆ? ಶೇಂಗಾ ಚಿಕ್ಕಿಯಿಂದ ಬೆಲ್ಲವನ್ನೆಲ್ಲ ಕರಗಿಸಿದರೆ ತಟ್ಟೆಯಲ್ಲಿ ಉಳಿಯುವುದು ಬಿಡಿ ಶೇಂಗಾ. ಹಾಗೆಯೇ ಬಾಳೆಯ ಅಂಟನ್ನು ಪೂರಾ ತೆಗೆದರೆ ನಾರು ಹಿಟ್ಟಾಗುತ್ತದೆ, ತೆಗೆಯದಿದ್ದರೆ ಚಾಪೆಯ ಕಡ್ಡಿಯಾಗುತ್ತದೆ. ಚಿಕ್ಕಿ ಮೆತ್ತಗಾಗುವಷ್ಟೇ ಬೆಲ್ಲ ಕರಗಬೇಕು.

ಅಂಟನ್ನು ಅಷ್ಟೇ ಕರಗಿಸಲು ಲೀಟರ್ ನೀರಿಗೆ 10 ಗ್ರಾಂ ಆಸುಪಾಸು ಕಾಸ್ಟಿಕ್ ಸೋಡಾ, ನಾರಿನ ತೂಕದ ಇಪ್ಪತ್ತು ಪಟ್ಟು ನೀರು, ಒಂದು ಗಂಟೆ ಕುದಿ. ಇದನ್ನು ಆರಂಭದ ಅಳತೆ ಎಂದಿಟ್ಟುಕೊಳ್ಳಿ. ತಳಿ, ಪಟ್ಟೆಯ ವಯಸ್ಸು ಬದಲಾದರೆ ಇದೂ ಬದಲಾಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಒಂದೆಳೆ ತೆಗೆದು ತೊಳೆದು ಬೆರಳಿಗೆ ಸುತ್ತಬೇಕು. ಸುತ್ತಿಕೊಂಡರೆ ಇಳಿಸಿ, ಎಳೆದಾಗ ಸದ್ದಿಲ್ಲದೆ ಜಾರಿ ಹರಿದರೆ ಆಗಲೇ ತಡವಾಗಿದೆ. ಆಮೇಲೆ ವಿನೆಗರ್ ಬೆರೆತ ನೀರಲ್ಲಿ ಜಾಲಿಸದಿದ್ದರೆ ಉಳಿದ ಸೋಡಾ ಗೋಣಿಯೊಳಗೂ ತನ್ನ ಕೆಲಸ ಮುಂದುವರಿಸುತ್ತದೆ.

‘ಸೋಡಾ ಹಾಕಿದರೆ ಕೆಮಿಕಲ್ ಆಯ್ತಲ್ಲ’ ಎನ್ನುವವರಿಗೆ: ಜಪಾನಿನ ಓಕಿನಾವಾದ ಬಶೋಫು ಶತಮಾನಗಳಿಂದ ಬಾಳೆ ಜಾತಿಯ ಗಿಡದಿಂದ ನೇಯುವ ಬಟ್ಟೆ. ಅಲ್ಲಿ ಪಟ್ಟೆಯನ್ನು ಬೂದಿ ನೀರಲ್ಲಿ ಕುದಿಸುತ್ತಾರೆ. ಬೂದಿ ನೀರೂ ಕ್ಷಾರವೇ. ನಮ್ಮ ಮಡಿವಾಳರು ಬಟ್ಟೆಗೆ ಹಾಕುತ್ತಿದ್ದ ಸವಳು ಮಣ್ಣೂ ಕ್ಷಾರವೇ. ಕಾಲುವೆಯ ಕೊನೆಯ ಹೊಲಗಳಲ್ಲಿ ಬೆಳ್ಳಗೆ ಏಳುವ ಸವಳು ಸಿರುಗುಪ್ಪ, ಸಿಂಧನೂರಿನವರಿಗೆ ಹೊಸದಲ್ಲ. ಕೇಳಬೇಕಾದ ಪ್ರಶ್ನೆ, ಕುದಿಸಿದ ಕಂದು ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಹಳ್ಳಕ್ಕೆ ಬಿಟ್ಟರೆ ಪರಿಸರಸ್ನೇಹಿ ಚೀಟಿಗೆ ಬೆಲೆಯಿಲ್ಲ.

ಹದವಾದ ನಾರನ್ನೂ ಅದೊಂದನ್ನೇ ನೂಲುವುದು ಗಿರಣಿಗೆ ಕಷ್ಟ. ಹತ್ತಿಯ ಉದ್ದಕ್ಕೆ ಕತ್ತರಿಸಿ, ಹತ್ತಿಯ ಜೊತೆ ನೂರಕ್ಕೆ ಇಪ್ಪತ್ತು ಮೂವತ್ತು ಪಾಲು ಬೆರೆಸಿದರೆ ದಪ್ಪ ನೂಲು ಬರುತ್ತದೆ. ದಪ್ಪ ನೂಲು ಬೇಕಾದದ್ದು ಡೆನಿಮ್‌ಗೆ, ಅದನ್ನು ಹೊಲಿಯುವ ಊರು ಬಳ್ಳಾರಿ. ಜೀನ್ಸಿನ ಕಾಲನ್ನು ಒಳಮಗ್ಗುಲು ತಿರುಗಿಸಿ ನೋಡಿ: ಹೊರಗೆ ನೀಲಿ, ಒಳಗೆ ಬಿಳಿ. ನೀಲಿಯದು ಹಾಸು, ಅಂದರೆ ಉದ್ದ ನೂಲು; ಬಿಳಿಯದು ಹೊಕ್ಕು, ಅಂದರೆ ಅಡ್ಡ ನೂಲು. ಮಗ್ಗದ ಬಿಗಿ ಎಳೆತ ತಿನ್ನುವುದು ಹಾಸು, ಆದ್ದರಿಂದ ಬಾಳೆ ಬೆರೆತ ನೂಲಿಗೆ ಹೊಕ್ಕಿನ ಜಾಗವೇ ಕ್ಷೇಮ. ಆದರೆ ಹೊಕ್ಕೇ ಮೈಗೆ ತಾಗುವ ಕಡೆ. ಮೊಣಕಾಲ ಹಿಂದೆ ಚುಚ್ಚಿದರೆ ಕುದಿಸಿದ್ದು ಸಾಲಲಿಲ್ಲ. ಎರಡು ಒಗೆತಕ್ಕೆ ಒಳಗಿನ ಬಿಳಿ ನೂಲಿನಿಂದ ಪುಡಿ ಉದುರಿದರೆ ಕುದಿಸಿದ್ದು ಅತಿಯಾಯಿತು.