ಲಿಸ್ಟಿನ 41ನೇ ಹೆಸರು

ಕೋವಿಡ್ ಗದ್ದಲ ತಣ್ಣಗಾದ ಮೇಲಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಇಂಡಿ ಕಡೆಯ ಹುಡುಗನೊಬ್ಬ ಪುಣೆ ಹತ್ತಿರದ ಪಿಂಪ್ರಿಯ ನನ್ನ ಆಫೀಸಿಗೆ ಬಂದ. ಚಾಕಣದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ವಿಎಂಸಿ (ಕಂಪ್ಯೂಟರಿನಿಂದ ನಡೆಯುವ ಲೋಹ ಕೊರೆಯುವ ಮಿಷಿನ್) ಆಪರೇಟರ್. ವಯಸ್ಸು 26. ಮೊಬೈಲ್ ತೆಗೆದು ನೋಟಿಸ್ ಬೋರ್ಡಿನ ಫೋಟೊ ತೋರಿಸಿದ. ಮೇಲೆ ಮರಾಠಿಯಲ್ಲಿ ‘ಸೇವಾಜ್ಯೇಷ್ಠತಾ ಯಾದಿ’, ಅಂದರೆ ಸೀನಿಯಾರಿಟಿ ಲಿಸ್ಟ್, ಎಂದಿತ್ತು. ಕೆಳಗೆ 43 ಹೆಸರು. ಇವನದು 41ನೆಯದು.

“ಆರು ಮಂದೀನ ತಗೀತಾರಂತ್ರಿ ಸರ್. ಶಿಫ್ಟಿನ್ಯಾಗ ಎಲ್ಲಾರಕಿಂತ ಜಾಸ್ತಿ ಪೀಸ್ ತಗಿಯಾಂವ ನಾನs. ರಿಜೆಕ್ಷನ್ ಇಲ್ಲ. ಮ್ಯಾಲಿನ ಮಾಮಾಗೋಳು ಚಾ ಕುಡ್ಕೋತ ಕುಂತಿರ್ತಾರ. ಸಣ್ಣಾಂವ ಅಂತ ನನ್ನ ತಗದ್ರ ಅನ್ಯಾಯ ಅಲ್ಲೇನ್ರಿ?”

ನಾನು ಫೋಟೊ ದೊಡ್ಡದು ಮಾಡಿ 43ನೇ ಹೆಸರು ಯಾರದು ಅಂತ ಕೇಳಿದೆ. ಅವರಿಗೆ 44 ವರ್ಷವಂತೆ. ಹಳೇ ಕಂಪನಿ ಮುಚ್ಚಿದ್ದರಿಂದ ಹೋದ ದೀಪಾವಳಿಗೆ ಇಲ್ಲಿ ಸೇರಿದವರು. ಮೊದಲು ಮನೆಗೆ ಹೋಗುವವರು ಅವರೇ. ಹುಡುಗ ಸುಮ್ಮನಾದ.

ಸೀನಿಯಾರಿಟಿ ಎಂದರೆ ಸೇವೆಯ ವಯಸ್ಸು, ಮನುಷ್ಯನ ವಯಸ್ಸಲ್ಲ. ಕೈಗಾರಿಕಾ ವಿವಾದ ಕಾಯ್ದೆ, 1947ರ 25ಜಿ ಕಲಮು ಹೇಳುತ್ತಿದ್ದುದು ಇಷ್ಟೇ: ಕೆಲಸಗಾರರನ್ನು ಕಡಿಮೆ ಮಾಡುವಾಗ, ಆಯಾ ವರ್ಗದಲ್ಲಿ ಕೊನೆಗೆ ಸೇರಿದವನನ್ನು ಸಾಮಾನ್ಯವಾಗಿ ಮೊದಲು ತೆಗೆಯಬೇಕು. 2025ರ ನವೆಂಬರ್‌ನಲ್ಲಿ ಅದರ ಬದಲಿಗೆ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯೂ ಈ ನಿಯಮವನ್ನು ಬಿಟ್ಟಿಲ್ಲ. ‘ಸಾಮಾನ್ಯವಾಗಿ’ ಎಂಬ ಮಾತಿಗೂ ಬೆಲೆ ಇದೆ. ಕೈಚಳಕ ಇರುವ ಹೊಸಬನನ್ನು ಉಳಿಸಿಕೊಂಡು ಹಳಬನನ್ನು ತೆಗೆಯಬಹುದು, ಆದರೆ ಮಾಲೀಕ ಕಾರಣವನ್ನು ಬರೆದಿಡಬೇಕು. ಜಾಸ್ತಿ ಪೀಸ್ ತೆಗೆಯುವುದು ಮಾಲೀಕನಿಗೆ ಒಂದು ಕಾರಣ ಆಗಬಹುದು. ಹುಡುಗನಿಗೆ ಅದು ಹಕ್ಕಲ್ಲ.

ನಿಯಮ ಇಲ್ಲದಿದ್ದರೆ ಏನಾಗುತ್ತದೆ ಅಂತ ಯೋಚಿಸಿ. ಯೂನಿಯನ್ ಮಾತಾಡುವವನು, ಸೂಪರ್‌ವೈಸರ್‌ಗೆ ನಮಸ್ಕಾರ ಹಾಕದವನು ಮೊದಲು ಹೋಗುತ್ತಾನೆ. ಮಾಲೀಕನ ಕೈ ಕಟ್ಟಲೆಂದೇ ಈ ನಿಯಮ ಬಂದದ್ದು. ಅದರ ಪೆಟ್ಟು ಹೆಚ್ಚಾಗಿ ಹುಡುಗರಿಗೇ ಬೀಳುತ್ತದೆ ಅನ್ನುವುದೂ ಸುಳ್ಳಲ್ಲ. ಪರಿಹಾರ ಸಿಗುವುದು ಒಂದು ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ. ಎರಡು ವರ್ಷ ದುಡಿದವನ ಕೈಗೆ ಬರುವುದು ಒಂದೇ ತಿಂಗಳ ಹಣ.

“ವಯಸ್ಸಿನ ತಾರತಮ್ಯ ಅಂತ ಕೇಸ್ ಹಾಕೋಣ” ಎನ್ನುವವರು ಈಗ ಜಾಸ್ತಿ. ಸಂವಿಧಾನದ 15 ಮತ್ತು 16ನೇ ವಿಧಿಗಳು ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಎಲ್ಲವನ್ನೂ ಹೆಸರಿಸುತ್ತವೆ. ವಯಸ್ಸು ಆ ಪಟ್ಟಿಯಲ್ಲಿಲ್ಲ. 14ನೇ ವಿಧಿಯ ಸಮಾನತೆ ಇದೆ, ಆದರೆ ಅದನ್ನು ಹಿಡಿದು ಖಾಸಗಿ ಕಾರ್ಖಾನೆಯ ಬಾಗಿಲು ತಟ್ಟಲಾಗದು. ಅಮೆರಿಕದ 1967ರ ಕಾನೂನು ಕೂಡ ಕಾಯುವುದು 40 ದಾಟಿದವರನ್ನು ಮಾತ್ರ. ಹಿರಿಯರಿಗೆ ಹೆಚ್ಚು ಕೊಟ್ಟರೆ ಕಿರಿಯರು ದೂರುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಬ್ರಿಟನ್ನಿನ 2010ರ ಕಾನೂನಿನಲ್ಲಿ ಮಾತ್ರ ಕಿರಿಯರಿಗೂ ಜಾಗ ಇದೆ. ಚಾಕಣಕ್ಕೆ ಅದರಿಂದೇನು ಉಪಯೋಗ?

ಹಾಗಾಗಿ ನಾನು ಹುಡುಗನ ವಯಸ್ಸು ಬಿಟ್ಟು, ಹೆಸರಿನ ಪಕ್ಕದ ತಾರೀಕು ನೋಡಿದೆ. 2020ರ ಜನವರಿ ಅಂತಿತ್ತು. “ಮೊದಲ ದಿನ ಗೇಟಿನೊಳಗೆ ಹೋದದ್ದು ಯಾವಾಗ?” ಅಂದೆ. “2018ರಾಗರಿ. ಏಳು ತಿಂಗಳು ಮಾಡಿ ಬ್ರೇಕ್ ಕೊಟ್ರು. ಮತ್ತ ಕರದ್ರು. ಮತ್ತ ಬ್ರೇಕ್.”

ಪುಣೆಯ ಕಾರ್ಖಾನೆಗಳಲ್ಲಿ ಓಡಾಡಿದವರಿಗೆ ಈ ಏಳು ತಿಂಗಳು ಚೆನ್ನಾಗಿ ಗೊತ್ತು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದರೆ ನಿರಂತರ ಸೇವೆ ಲೆಕ್ಕಕ್ಕೆ ಬರುತ್ತದೆ. ಏಳು ತಿಂಗಳಿಗೆ 240 ತುಂಬುವುದಿಲ್ಲ, ಅಲ್ವಾ? ಮಿಷಿನ್ ಅದೇ, ಕೆಲಸ ಅದೇ. ಕಾಗದದಲ್ಲಿ ಮಾತ್ರ ಹುಡುಗ ಪ್ರತಿ ಸಲ ಹೊಸಬ. ಹೀಗೆ ವರ್ಷಗಟ್ಟಲೆ ಟೆಂಪರರಿ ಇಟ್ಟು ಕಾಯಂ ಹಕ್ಕು ತಪ್ಪಿಸುವುದನ್ನು ಮಹಾರಾಷ್ಟ್ರದ 1971ರ ಕಾರ್ಮಿಕ ಸಂಘ ಕಾನೂನು ಅನುಚಿತ ನಡವಳಿಕೆ ಎಂದೇ ಬರೆದಿದೆ. ಹಾಗಂತ ಹಳೇ ದಿನಗಳು ತಾವಾಗಿ ಸೇರಿಕೊಳ್ಳುವುದಿಲ್ಲ. ಆ ಬ್ರೇಕ್ ನಿಜವೋ ನಾಟಕವೋ ಅನ್ನುವುದೇ ಇಡೀ ಜಗಳ. ಹುಡುಗರಿಗೆ ನಿಜವಾದ ಮೋಸ ಆಗುವುದು ಇಲ್ಲಿ ಎಂದು ನನ್ನ ಅನುಭವ.

ಮೋಸದ ಇನ್ನೊಂದು ದಾರಿ ಕಾಯಂ ಆದ ತಾರೀಕನ್ನು ಸೇರಿದ ತಾರೀಕು ಅಂತ ತೋರಿಸುವುದು. ಸರ್ಕಾರಿ ನೌಕರಿಯಲ್ಲಿ ಇದಕ್ಕೆ 1990ರಲ್ಲೇ ಉತ್ತರ ಸಿಕ್ಕಿದೆ. ಮಹಾರಾಷ್ಟ್ರ ಸರ್ಕಾರದ ಇಂಜಿನಿಯರುಗಳ ಕೇಸಿನಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು: ನಿಯಮದ ಪ್ರಕಾರ ನೇಮಕ ಆಗಿದ್ದರೆ ನೇಮಕದ ದಿನದಿಂದಲೇ ಸೀನಿಯಾರಿಟಿ, ಕಾಯಂ ಆದ ದಿನದಿಂದಲ್ಲ.

ಬಡ್ತಿಯ ಕಥೆ ಬೇರೆ. ನಿಯಮದಲ್ಲಿ ‘ಸೀನಿಯಾರಿಟಿ ಕಮ್ ಮೆರಿಟ್’ ಅಂತಿದ್ದರೆ, ಕನಿಷ್ಠ ಅರ್ಹತೆ ಇರುವ ಹಿರಿಯನಿಗೆ ಮೊದಲ ಅವಕಾಶ. ಮೆರಿಟ್ ಮುಂದೆ ಬಂದಿದ್ದರೆ ಲೆಕ್ಕ ತಿರುಗುತ್ತದೆ. ಯಾವ ಪದ ಮೊದಲಿದೆ ನೋಡಿಕೊಳ್ಳಿ. ಐಟಿ ಕಂಪನಿಗಳಿರುವ ಹಿಂಜವಡಿಯಿಂದ ಫೋನ್ ಮಾಡುವ ಮ್ಯಾನೇಜರ್‌ಗಳಿಗೆ ಕೊನೆಗೆ ಸೇರಿದವ ಮೊದಲು ಎಂಬ ಆ ನಿಯಮ ಇಲ್ಲವೇ ಇಲ್ಲ. ಆದರೆ ಕಾರ್ಡಿನ ಮೇಲೆ ಮ್ಯಾನೇಜರ್ ಅಂತ ಇದ್ದ ಮಾತ್ರಕ್ಕೆ ಮ್ಯಾನೇಜರ್ ಆಗುವುದಿಲ್ಲ, ಕೋರ್ಟು ಮಾಡುವ ಕೆಲಸ ನೋಡುತ್ತದೆ. ರಜೆಗೂ ಕೆಲವು ಕಡೆ ಸೀನಿಯಾರಿಟಿಯೇ. ಗಣಪತಿಗೆ ಕೊಂಕಣದ ಹಿರಿಯರದೇ ಸಾಲು. ನಮ್ಮ ಹುಡುಗರ ಎಳ್ಳಮಾವಾಸ್ಯೆಗೆ ಮಾತ್ರ ಪೈಪೋಟಿಯೇ ಇಲ್ಲ, ಕೇಳಿದರೆ ಸಿಗುತ್ತದೆ!

ಹುಡುಗನ ಫೋನಿನಲ್ಲೇ ಪಿಎಫ್ ಪಾಸ್‌ಬುಕ್ ತೆಗೆಸಿದೆ. 2018ರಿಂದ ಹಣ ಕಟ್ಟಿದ್ದು ಅದೇ ಕಂಪನಿ, ನಡುವೆ ಕಂಟ್ರಾಕ್ಟರ್ ಯಾರೂ ಇರಲಿಲ್ಲ. ಅದೃಷ್ಟ. ಕಂಟ್ರಾಕ್ಟರ್ ಇದ್ದಿದ್ದರೆ ದಾರಿ ಉದ್ದ ಆಗುತ್ತಿತ್ತು. ತೆಗೆಯುವ ದಿನಕ್ಕೆ ಏಳು ದಿನ ಮೊದಲಾದರೂ ಲಿಸ್ಟ್ ಬೋರ್ಡಿಗೆ ಹಚ್ಚಬೇಕು ಎಂದು 1947ರ ಕಾಯ್ದೆಯಡಿಯ ಆಗಿನ ಮುಂಬಯಿ ನಿಯಮದಲ್ಲಿತ್ತು. ಅದರಲ್ಲಿ ನಾಲ್ಕು ದಿನ ಹೋಗಿತ್ತು. ಒಂದು ಪುಟದ ಆಕ್ಷೇಪಣೆ ಬರೆದು ಪಾಸ್‌ಬುಕ್ ಪ್ರಿಂಟ್ ಲಗತ್ತಿಸಿದೆವು. ಆಫೀಸ್ ಪ್ರತಿಯ ಮೇಲೆ ಸಿಕ್ಕಾ ಹೊಡೆಸಿಕೊಳ್ಳದೆ ಬರಬೇಡ ಅಂದೆ.

ಎಚ್‌ಆರ್‌ನವರು ತಕರಾರು ಬೇಡವೆಂದೋ ಏನೋ, ತಾರೀಕು ತಿದ್ದಿದರು. ಹುಡುಗನ ಹೆಸರು 34ಕ್ಕೆ ಏರಿತು. ಅವನ ಕೆಳಗಿನವರು ಒಂದೊಂದು ಮೆಟ್ಟಿಲು ಇಳಿದರು. 37ರಲ್ಲಿದ್ದವನು 38ಕ್ಕೆ ಬಂದು, ಆರು ಜನರ ಗೆರೆಯ ಕೆಳಗೆ ಸಿಕ್ಕಿಕೊಂಡ. ಮುಂದಿನ ಭಾನುವಾರ ಬಾಗಿಲಲ್ಲಿ ನಿಂತಿದ್ದವನು ಅವನೇ. ಆಳಂದದವನು, 24 ವರ್ಷ, ಕೈಯಲ್ಲಿ ಹೊಸ ಲಿಸ್ಟಿನ ಫೋಟೊ.