ಶವವೇ ಸಿಗದಾಗ ಸಾಕ್ಷ್ಯಕ್ಕೆ ಎಷ್ಟು ತೂಕ?

1660ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಚಿಪ್ಪಿಂಗ್ ಕ್ಯಾಂಪ್‌ಡನ್ ಎಂಬ ಊರಿನಿಂದ ಗೇಣಿ ವಸೂಲಿಗೆಂದು ಹೊರಟ ವಿಲಿಯಂ ಹ್ಯಾರಿಸನ್ ಎಂಬ ವೃದ್ಧ ಮನೆಗೆ ಮರಳಲಿಲ್ಲ. ದಾರಿಯಲ್ಲಿ ಅವನ ಕತ್ತರಿಸಿದ ಟೋಪಿ, ರಕ್ತದ ಕಲೆಯಿದ್ದ ಕೊರಳಪಟ್ಟಿ ಸಿಕ್ಕವು. ಅವನನ್ನು ಹುಡುಕಲು ಹೋಗಿದ್ದ ಆಳು ಜಾನ್ ಪೆರ್ರಿಯ ಮೇಲೆ ಸಂಶಯ ಬಿತ್ತು. ವಿಚಾರಣೆಯಲ್ಲಿ ಪೆರ್ರಿ ತನ್ನ ತಾಯಿ ಮತ್ತು ಸೋದರನೇ ಯಜಮಾನನನ್ನು ಕೊಂದರು ಎಂದುಬಿಟ್ಟ. 1661ರಲ್ಲಿ ಮೂವರನ್ನೂ ಗಲ್ಲಿಗೇರಿಸಲಾಯಿತು. 1662ರಲ್ಲಿ ಹ್ಯಾರಿಸನ್ ಊರಿಗೆ ಬಂದ. ತನ್ನನ್ನು ಅಪಹರಿಸಿ ತುರ್ಕಿಯಲ್ಲಿ ಗುಲಾಮನಾಗಿ ಮಾರಿದ್ದರು ಎಂಬ ಅವನ ಕಥೆಯನ್ನು ನಂಬುವುದು ಕಷ್ಟ. ಅವನು ಬದುಕಿದ್ದಾನೆ ಎಂಬುದನ್ನು ಮಾತ್ರ ನಂಬದೆ ವಿಧಿಯಿರಲಿಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿದ್ದವು. ಹ್ಯಾರಿಸನ್ ಸತ್ತಿದ್ದಾನೆಯೇ? ಸತ್ತಿದ್ದರೆ ಕೊಂದವರು ಯಾರು? ಶವ ಎದುರಿಗಿದ್ದರೆ ಮೊದಲ ಪ್ರಶ್ನೆ ಏಳುವುದೇ ಇಲ್ಲ. ಇಲ್ಲದಿದ್ದಾಗ ತನಿಖೆ ಮಾಡುವವರ ಮನಸ್ಸು ಒಂದು ಕಳ್ಳದಾರಿ ಹಿಡಿಯುತ್ತದೆ. ಇವನ ನಡವಳಿಕೆ ಸರಿಯಿಲ್ಲ, ಆದ್ದರಿಂದ ಕೊಲೆ ನಡೆದಿರಬೇಕು. ಕೊಲೆ ನಡೆದಿದೆ, ಆದ್ದರಿಂದ ಇವನೇ ಮಾಡಿರಬೇಕು. ಎರಡು ಅನುಮಾನಗಳು ಒಂದಕ್ಕೊಂದು ಜಾಮೀನು ನಿಲ್ಲುತ್ತವೆ!

ಈ ಗೋಜಲನ್ನು ಬಿಡಿಸಲು ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಉಪಾಯವಿದೆ. ಒಂದು ಕುರುಹು ಸಿಕ್ಕಾಗ, ಅದು ಆರೋಪಕ್ಕೆ ಹೊಂದುತ್ತದೆಯೇ ಎಂದಷ್ಟೇ ಕೇಳಿದರೆ ಸಾಲದು. ಶಂಕಿತ ತಪ್ಪಿತಸ್ಥನಾಗಿದ್ದರೆ ಈ ಕುರುಹು ಸಿಗುವ ಸಾಧ್ಯತೆ ಎಷ್ಟು, ನಿರಪರಾಧಿಯಾಗಿದ್ದರೂ ಸಿಗುವ ಸಾಧ್ಯತೆ ಎಷ್ಟು ಎಂದು ಎರಡನ್ನೂ ಕೇಳಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ಅನುಪಾತವೇ ಆ ಸಾಕ್ಷ್ಯದ ತೂಕ. 18ನೇ ಶತಮಾನದ ಥಾಮಸ್ ಬೇಯ್ಸ್ ಹೆಸರಿನಲ್ಲಿರುವ ಸೂತ್ರದ ತಿರುಳು ಇದೇ.

ಮಹಿಳೆಯೊಬ್ಬಳು ಕಾಣೆಯಾಗಿದ್ದಾಳೆ, ಗಂಡನ ಕಾರಿನ ಡಿಕ್ಕಿಯಲ್ಲಿ ಅವಳ ಕೂದಲು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಡಿಎನ್ಎ ಪರೀಕ್ಷೆಯಲ್ಲಿ ಅದು ಅವಳದೇ ಎಂದು ಖಚಿತವಾಗಿದೆ. ಶವ ಸಾಗಿಸಿದ್ದರೆ ಕೂದಲು ಬೀಳುವ ಸಾಧ್ಯತೆ 100ಕ್ಕೆ 90 ಎನ್ನೋಣ. ಆದರೆ ಅದೇ ಡಿಕ್ಕಿಯಲ್ಲಿ ಅವಳು ವರ್ಷಗಟ್ಟಲೆ ಚೀಲ, ಹೊದಿಕೆ, ಬಟ್ಟೆ ಇಟ್ಟು ತೆಗೆದಿದ್ದಾಳೆ. ಏನೂ ನಡೆಯದಿದ್ದರೂ ಕೂದಲು ಸಿಗುವ ಸಾಧ್ಯತೆ 100ಕ್ಕೆ 75 ಇರಬಹುದು. ಅನುಪಾತ ಬರೀ 1.2. ಅದೇ ಕೂದಲು, ಅವಳನ್ನು ತಾನು ನೋಡಿಯೇ ಇಲ್ಲ ಎನ್ನುವ ಅಪರಿಚಿತನ ಡಿಕ್ಕಿಯಲ್ಲಿ ಸಿಕ್ಕರೆ? ನಿರಪರಾಧಿಯ ಪಕ್ಷದ ಸಾಧ್ಯತೆ 100ಕ್ಕೆ 1 ಎಂದರೂ ಅನುಪಾತ 90. ಪ್ರಯೋಗಾಲಯದ ವರದಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ತೂಕ ಮಾತ್ರ ನೆಲಕ್ಕೂ ಮುಗಿಲಿಗೂ. ಕೂದಲು ಯಾರದು ಎಂದು ಡಿಎನ್ಎ ಹೇಳುತ್ತದೆ. ಯಾವಾಗ ಬಿತ್ತು, ಏಕೆ ಬಿತ್ತು ಎಂದು ಹೇಳುವುದಿಲ್ಲ. ಸುದ್ದಿವಾಹಿನಿಗಳ ಅಬ್ಬರದಲ್ಲಿ ಮೊದಲು ಮಾಯವಾಗುವುದು ಈ ವ್ಯತ್ಯಾಸವೇ.

ಕೆಲವೊಮ್ಮೆ ಕುರುಹೇ ಬೇರೆ ಏನೋ ಆಗಿರುತ್ತದೆ. ಲುಮಿನಾಲ್ ದ್ರಾವಣ ಸಿಂಪಡಿಸಿದರೆ ಒರೆಸಿದ ರಕ್ತದ ಜಾಗವೂ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಅದಕ್ಕೆ ಕಾರಣ. ಆದರೆ ಬ್ಲೀಚ್ ಮತ್ತು ತಾಮ್ರ ತಗುಲಿದರೂ ಲುಮಿನಾಲ್ ಹೊಳೆಯುತ್ತದೆ. ಆದ್ದರಿಂದ ಆ ಹೊಳಪು ಮುಂದಿನ ಪರೀಕ್ಷೆಗೆ ಸೂಚನೆಯೇ ಹೊರತು ತೀರ್ಮಾನವಲ್ಲ. 1980ರಲ್ಲಿ ಆಸ್ಟ್ರೇಲಿಯಾದ ಉಲುರು ಬಳಿಯ ಶಿಬಿರದಿಂದ ಹಸುಗೂಸೊಂದು ಕಾಣೆಯಾದಾಗ, ಡಿಂಗೋ ನಾಯಿ ಹೊತ್ತೊಯ್ಯಿತು ಎಂದ ತಾಯಿ ಲಿಂಡಿ ಚೇಂಬರ್ಲೇನ್ ಮಾತನ್ನು ನ್ಯಾಯಾಲಯ ನಂಬಲಿಲ್ಲ. ಕಾರಿನಲ್ಲಿ ಶಿಶುವಿನ ರಕ್ತವಿದೆ ಎಂದು ತಜ್ಞರು ಸಾಕ್ಷಿ ನುಡಿದಿದ್ದರು. 1982ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ರಕ್ತದ ಸಿಂಪಡಿಕೆ ಎನ್ನಲಾಗಿದ್ದ ಕಲೆ, ಕಾರು ತಯಾರಿಸುವಾಗ ಸದ್ದು ತಗ್ಗಿಸಲು ಬಳಿದ ಲೇಪ ಎಂಬುದು ಆಮೇಲೆ ಗೊತ್ತಾಯಿತು. 1986ರಲ್ಲಿ ಮಗುವಿನ ಅಂಗಿ ಸಿಕ್ಕ ಬಳಿಕ ಆಕೆಯ ಬಿಡುಗಡೆಯಾಯಿತು. ಮಗುವಿನ ಸಾವಿಗೆ ಡಿಂಗೋ ಕಾರಣವೆಂದು ಮರಣ ವಿಚಾರಣಾಧಿಕಾರಿ ಘೋಷಿಸಿದ್ದು 2012ರಲ್ಲಿ.

ಆಕೆ ಕ್ಯಾಮೆರಾದ ಮುಂದೆ ಸಾಕಷ್ಟು ಅಳಲಿಲ್ಲ ಎಂಬುದೂ ಜನರ ದೃಷ್ಟಿಯಲ್ಲಿ ಒಂದು ಸಾಕ್ಷ್ಯವಾಗಿತ್ತು. ಮುಖ ನೋಡಿ ಸುಳ್ಳು ಹಿಡಿಯುವುದರಲ್ಲಿ ನಾವೆಲ್ಲ ಎಷ್ಟು ನಿಸ್ಸೀಮರು? 2006ರಲ್ಲಿ ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಸರಾಸರಿ ನಿಖರತೆ ಶೇ 54. ನಾಣ್ಯ ಚಿಮ್ಮಿದರೂ ಶೇ 50 ಬರುತ್ತದೆ.

ಮೊಬೈಲ್ ಗೋಪುರದ ದಾಖಲೆಯೂ ಎಲ್ಲರೂ ಎಣಿಸಿದಷ್ಟು ಗಟ್ಟಿಯಲ್ಲ. ಫೋನ್ ಯಾವಾಗಲೂ ಹತ್ತಿರದ ಗೋಪುರಕ್ಕೇ ಜೋಡಿಕೊಳ್ಳಬೇಕೆಂದಿಲ್ಲ. ಇಂಥ ದತ್ತಾಂಶದಲ್ಲಿ ದೋಷಗಳು ಕಂಡುಬಂದಿದ್ದರಿಂದ 2019ರಲ್ಲಿ ಡೆನ್ಮಾರ್ಕ್ 10,000ಕ್ಕೂ ಹೆಚ್ಚು ಪ್ರಕರಣಗಳ ಮರುಪರಿಶೀಲನೆಗೆ ಆದೇಶಿಸಬೇಕಾಯಿತು.

ಹಾಗಾದರೆ ಮೊದಲ ಪ್ರಶ್ನೆಗೆ, ಆ ವ್ಯಕ್ತಿ ಸತ್ತಿದ್ದಾನೆಯೇ ಎಂಬುದಕ್ಕೆ, ಉತ್ತರ ಎಲ್ಲಿ ಹುಡುಕುವುದು? ಹೆಚ್ಚಾಗಿ ಮೌನದಲ್ಲಿ. ಬ್ಯಾಂಕ್ ಖಾತೆ ಮುಟ್ಟಿಲ್ಲ, ಫೋನ್ ಸದ್ದಿಲ್ಲ, ನಿತ್ಯ ಬೇಕಾದ ಔಷಧಿ ಮನೆಯಲ್ಲೇ ಉಳಿದಿದೆ. ಇಲ್ಲೂ ಒಂದು ಎಚ್ಚರ ಬೇಕು. ಬೇಕೆಂದೇ ತಲೆಮರೆಸಿಕೊಂಡವನು ಫೋನನ್ನೂ ಬಿಡುತ್ತಾನೆ, ಖಾತೆಯನ್ನೂ ಬಿಡುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲದ ಕುರುಹುಗಳಾದರೆ ಅವುಗಳ ಅನುಪಾತಗಳನ್ನು ಗುಣಿಸಿ ಒಟ್ಟು ತೂಕ ಪಡೆಯಬಹುದು. ಒಂದೇ ಕಾರಣದಿಂದ ಹುಟ್ಟಿದ ಎರಡು ಕುರುಹುಗಳನ್ನು ಬೇರೆಬೇರೆ ಎಂದು ಗುಣಿಸಿದರೆ ತೂಕ ಸುಳ್ಳುಸುಳ್ಳೇ ಏರುತ್ತದೆ. ಔಷಧಿಯ ಮಾತು ಬೇರೆ: ಇನ್ಸುಲಿನ್ ಇಲ್ಲದೆ ಬದುಕಲಾಗದವನು ಅದನ್ನು ಬಿಟ್ಟು ಓಡಿಹೋಗುವುದು ಕಷ್ಟ.

ಶವವಿಲ್ಲದಿದ್ದರೆ ಕೊಲೆಯನ್ನು ಸಾಬೀತುಪಡಿಸಲಾಗದು ಎಂದು 1949ರಲ್ಲಿ ಇಂಗ್ಲೆಂಡಿನ ಜಾನ್ ಜಾರ್ಜ್ ಹೇಗ್ ನಂಬಿದ್ದ. ಮಹಿಳೆಯೊಬ್ಬಳ ದೇಹವನ್ನು ಅವನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಕ್ರಾಲಿಯ ತನ್ನ ಕಾರ್ಯಾಗಾರದ ಅಂಗಳದಲ್ಲಿ ಸುರಿದಿದ್ದ. ರೋಗತಜ್ಞ ಕೀತ್ ಸಿಂಪ್ಸನ್ ಆ ಕೆಸರನ್ನು ಜಾಲಾಡಿದಾಗ ಪಿತ್ತಕೋಶದ ಕಲ್ಲುಗಳು ಸಿಕ್ಕವು. ಅಕ್ರಿಲಿಕ್‌ನ ಕಟ್ಟುಹಲ್ಲುಗಳು ಆಮ್ಲಕ್ಕೆ ಬಗ್ಗಿರಲಿಲ್ಲ. ಅವನ್ನು ಮಾಡಿಕೊಟ್ಟಿದ್ದ ದಂತವೈದ್ಯೆ ತನ್ನ ಕೈಕೆಲಸವನ್ನು ಗುರುತಿಸಿದಳು. ಆ ಮಹಿಳೆ ಬದುಕಿದ್ದು ಅವಳ ಹಲ್ಲಿನ ಕಟ್ಟು ಮಾತ್ರ ಆಮ್ಲದ ಕೆಸರಿಗೆ ಬಿದ್ದಿರುವ ಸಾಧ್ಯತೆ ಶೂನ್ಯಕ್ಕೆ ಹತ್ತಿರ; ಅಂಗಳವೋ ಹೇಗ್‌ನದೇ. ಸಾವು, ಕೊಲೆಗಾರ ಎರಡಕ್ಕೂ ಒಂದೇ ಕೆಸರಿನಲ್ಲಿ ಉತ್ತರವಿತ್ತು. ವಿಚಾರಣೆಯಲ್ಲಿ ಅವನ ಪರ ವಕೀಲರು ಕೊಲೆಯೇ ನಡೆದಿಲ್ಲ ಎಂಬ ವಾದಕ್ಕೆ ಹೋಗದೆ, ಅವನಿಗೆ ಮತಿಭ್ರಮಣೆಯಿತ್ತು ಎಂದು ವಾದಿಸಿದರು.